ಗಂಟಲಿಗೆ ಹತ್ತುವ ಎಣ್ಣೆ

ನಮ್ಮವರಿಗೆ ಹೃದಯಾಘಾತವಾದದ್ದು ಸೈಕಲ್ ಹೊಡೆಯುತ್ತಿದ್ದಾಗ. ಜರ್ಮನಿಯ ಎರ್ಲಾಂಗೆನ್ನಿನಲ್ಲಿ ಬದುಕಿನ ಮುಕ್ಕಾಲು ಪಾಲು ಸೈಕಲ್ ಮೇಲೆಯೇ ನಡೆಯುವುದರಿಂದ ಅದರಲ್ಲಿ ಆಶ್ಚರ್ಯವೇನಿಲ್ಲ. ನಿವೃತ್ತರಾದ ಮೇಲೂ ಇವರು ತಾವು ದುಡಿದ ಕಂಪನಿಯ ಗೇಟಿನವರೆಗೆ ದಿನಕ್ಕೊಮ್ಮೆ ಹೋಗಿ ಬರದಿದ್ದರೆ ಊಟ ಸೇರುತ್ತಿರಲಿಲ್ಲ. ಅಕ್ಟೋಬರಿನ ಒಂದು ಬೆಳಿಗ್ಗೆ ಆ ಗೇಟಿನ ಹತ್ತಿರವೇ ಸೈಕಲ್ಲಿನಿಂದ ಇಳಿದು, ಅದನ್ನು ಕಂಬಕ್ಕೆ ಒರಗಿಸಿ, ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಸೇರಿಸಿ, ಆಮೇಲೆ ಕುಸಿದರಂತೆ. ಆಂಬುಲೆನ್ಸಿನವನು ಇದನ್ನು ಹೇಳಿದಾಗ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಎದೆ ಹಿಂಡುತ್ತಿದ್ದರೂ ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯದೆ ಸೈಕಲ್ಲಿಗೆ ಬೀಗ ಹಾಕುವ ಮನುಷ್ಯನ ಜೊತೆ ನಾನು ಅಷ್ಟು ವರ್ಷ ಸಂಸಾರ ಮಾಡಿದ್ದೆ.

ಜೀವ ಉಳಿಯಿತು. ಆದರೆ ಹೃದಯದ ಒಂದು ಭಾಗ ಸತ್ತಿತ್ತು. ಉಳಿದ ಭಾಗವೇ ಎಲ್ಲ ಕೆಲಸ ಮಾಡಬೇಕಿತ್ತು. ಆಸ್ಪತ್ರೆಯಿಂದ ಇವರನ್ನು ಚೇತರಿಕೆಗೆಂದು ಕಾಡಿನ ಅಂಚಿನಲ್ಲಿದ್ದ ಒಂದು ರೆಹಾ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಆಹಾರದ ಬಗ್ಗೆ ಹೇಳಿಕೊಡುವ ಹುಡುಗಿಯೊಬ್ಬಳು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನನ್ನ ಅಡುಗೆಮನೆಯನ್ನು ಅರ್ಧ ಗಂಟೆಯಲ್ಲಿ ಖಾಲಿ ಮಾಡಿದಳು. ತುಪ್ಪ ಬೇಡ, ಬೆಣ್ಣೆ ಬೇಡ, ತೆಂಗಿನಕಾಯಿ ಕಡಿಮೆ, ಹಪ್ಪಳದ ಮಾತೇ ಎತ್ತಬಾರದು, ಉಪ್ಪಿನಕಾಯಿ ಮರೆತುಬಿಡಿ. ಏನಾದರೂ ಒಂದು ಬೇಕು ಎಂದು ಅವಳು ಹೇಳಿದ್ದು ಆಲಿವ್ ಎಣ್ಣೆ ಮಾತ್ರ. ಅದೂ ಅಂಗಡಿಯ ಕೆಳಗಿನ ಸಾಲಿನ ಅಗ್ಗದ್ದಲ್ಲ, ಒಳ್ಳೆಯದು, ಹಸಿಯಾಗಿ ತಿನ್ನುವಂಥದ್ದು. ಸಿಹಿತಿಂಡಿಗೆ ತುಪ್ಪ ಸುರಿದವಳು ನಾನು, ಬಡಿಸಿದವಳು ನಾನು, ಇನ್ನೊಂದು ಹಾಕಿಸಿಕೊಳ್ಳಿ ಎಂದು ಪೀಡಿಸಿದವಳೂ ನಾನು. ಆ ಹುಡುಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನಬೇಕಾದ್ದನ್ನು ನಾನೇ ಅಂದುಕೊಂಡೆ.

ನಾನು ಇಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು. ಹೆದರಿಕೆ ಹುಟ್ಟಿದಾಗ ಓದುವುದು ನನ್ನ ರೋಗ. ಹಾಗಾಗಿ ಆ ಚಳಿಗಾಲವೆಲ್ಲ ಆಲಿವ್ ಎಣ್ಣೆಯನ್ನೇ ಓದಿದೆ. ಕಾಯಿ ಇನ್ನೂ ಹಸಿರಾಗಿರುವಾಗಲೇ ಕಿತ್ತು, ಬಿಸಿ ಮಾಡದೆ, ತಡಮಾಡದೆ ಹಿಂಡಿದರೆ ಎಣ್ಣೆಯಲ್ಲಿ ಕಹಿಯೂ ಖಾರವೂ ಉಳಿಯುತ್ತವೆ. ಆ ಕಹಿ, ಆ ಖಾರವೇ ಔಷಧದ ಗುಣ. ರಕ್ತನಾಳಗಳನ್ನು ಕಾಯುವುದು, ಒಳಗಿನ ಉರಿಯೂತ ತಗ್ಗಿಸುವುದು, ಕೆಟ್ಟ ಕೊಬ್ಬು ಮೆತ್ತಿಕೊಳ್ಳದಂತೆ ನೋಡಿಕೊಳ್ಳುವುದು ಅದರ ಕೆಲಸವಂತೆ. ನಾಲಿಗೆಗೆ ಕಹಿ, ಗಂಟಲಿಗೆ ಮೆಣಸಿನಂಥ ಉರಿ ಇದ್ದರೆ ಎಣ್ಣೆ ಜೀವಂತವಾಗಿದೆ ಎಂದು ಅರ್ಥ. ಬರೆದವರೆಲ್ಲ ‘ಸಹಾಯವಾಗಬಹುದು’ ಎಂದು ಬರೆದಿದ್ದರು. ನಾನು ‘ಆಗುತ್ತದೆ’ ಎಂದು ಓದಿಕೊಂಡೆ.

ಹುಡುಕುವ ಕಷ್ಟವೂ ಇರಲಿಲ್ಲ. ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಗ್ರೀಕ್ ಹೆಂಗಸು ಇದ್ದಾಳೆ, ಮಕ್ಕಳಿಗೆ ಪಿಯಾನೊ ಕಲಿಸುತ್ತಾಳೆ. ಅವಳ ಶಿಷ್ಯರು ತಪ್ಪು ಸ್ವರ ಒತ್ತಿದ್ದನ್ನೆಲ್ಲ ಕೇಳಿಕೊಂಡು ನಾವು ವರ್ಷಗಳನ್ನು ಕಳೆದಿದ್ದೇವೆ. ಅವಳ ಅಪ್ಪ ಬಿಟ್ಟುಹೋದ ಒಂದು ಪುಟ್ಟ ತೋಪು ಗ್ರೀಸಿನ ದಕ್ಷಿಣದಲ್ಲಿ, ಕಲ್ಲುಗುಡ್ಡದ ಇಳಿಜಾರಿನಲ್ಲಿದೆ. ಪ್ರತಿ ನವೆಂಬರಿನಲ್ಲಿ ಹೋಗಿ ಅಣ್ಣನ ಜೊತೆ ಮರದ ಕೆಳಗೆ ಬಲೆ ಹಾಸಿ, ಬಾಚಣಿಗೆಯಂಥ ಕೋಲಿನಿಂದ ಕೊಂಬೆ ಬಾಚಿ, ಅಂದಿನ ಕಾಯಿಯನ್ನು ಅಂದೇ ಸಂಜೆ ಊರಿನ ಗಾಣಕ್ಕೆ ಒಯ್ಯುತ್ತಾಳೆ. ಮಾರುವಷ್ಟು ಆಗುವುದಿಲ್ಲ, ಮನೆಗೆ, ನೆಂಟರಿಗೆ, ಇಷ್ಟವಾದವರಿಗೆ. ಇವರ ಸುದ್ದಿ ಕೇಳಿದ ಮೇಲೆ ಕ್ರಿಸ್‌ಮಸ್ಸಿನ ಹೊತ್ತಿಗೆ ಐದು ಲೀಟರಿನ ಒಂದು ಡಬ್ಬವನ್ನು ತಾನೇ ಹೊತ್ತುಕೊಂಡು ಮೆಟ್ಟಿಲಿಳಿದು ಬಂದಳು. ದುಡ್ಡಿನ ಮಾತೆತ್ತಿದ್ದಕ್ಕೆ ಮುಖ ಗಂಟು ಹಾಕಿಕೊಂಡಳು.

ಡಬ್ಬದ ಬಿರಡೆ ತೆಗೆದಾಗ ಬಂದ ವಾಸನೆ ಎಣ್ಣೆಯದಾಗಿರಲಿಲ್ಲ. ಆಗತಾನೇ ಕೊಯ್ದ ಹುಲ್ಲು, ಬಾಳೆಕಾಯಿಯ ಸಿಪ್ಪೆ ಹೆರೆದಾಗಿನ ಹಸಿ ವಾಸನೆ. ಅವಳೇ ಒಂದು ಚಮಚ ತುಂಬಿ ಇವರಿಗೆ ಕೊಟ್ಟಳು. ಇವರು ಔಷಧ ಕುಡಿಯುವ ಮಗುವಿನ ಹಾಗೆ ಕಣ್ಣುಮುಚ್ಚಿ ನುಂಗಿದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಗಂಟಲು ಹಿಡಿದುಕೊಂಡು ಕೆಮ್ಮಿದರು, ಮತ್ತೆ ಕೆಮ್ಮಿದರು, ಕಣ್ಣಲ್ಲಿ ನೀರು ಬಂತು.

ಆಕೆ ಚಪ್ಪಾಳೆ ತಟ್ಟಿದಳು. “ಒಂದು ಸಲ ಕೆಮ್ಮಿದರೆ ಒಳ್ಳೆಯ ಎಣ್ಣೆ. ಎರಡು ಸಲ ಕೆಮ್ಮಿದರೆ ನಮ್ಮಪ್ಪನ ಎಣ್ಣೆ,” ಎಂದಳು.

“ಒಗ್ಗರಣೆ ಘಾಟು ಇದ್ದ ಹಾಗಿದೆಯಲ್ಲೇ,” ಅಂದರು ಇವರು ನನ್ನ ಕಡೆ ತಿರುಗಿ, ನಗುತ್ತಾ. ಆಸ್ಪತ್ರೆಯಿಂದ ಬಂದ ಮೇಲೆ ಇವರು ನಕ್ಕದ್ದು ಅದೇ ಮೊದಲು. ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆ ಕೆಮ್ಮನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಅಂದಿನಿಂದ ಅದು ನಮ್ಮ ಮನೆಯ ಒಂದು ವ್ರತವಾಯಿತು. ಸ್ನಾನ, ಪೂಜೆ, ಆಮೇಲೆ ತೀರ್ಥ, ಆಮೇಲೆ ಎಣ್ಣೆ. ತೀರ್ಥ ಕೊಡುವ ಬೆಳ್ಳಿಯ ಉದ್ಧರಣೆಯಲ್ಲೇ ಎಣ್ಣೆಯನ್ನೂ ಕೊಡುತ್ತಿದ್ದೆ. ದೇವರ ಮುಂದೆ ಇಟ್ಟ ಪದಾರ್ಥಕ್ಕೆ ಒಂದು ಬಲ ಹೆಚ್ಚು ಎಂದು ನನ್ನ ನಂಬಿಕೆ. ಹಾಗಾಗಿ ಡಬ್ಬದ ಎಣ್ಣೆಯನ್ನೆಲ್ಲ ಅಂದದ ಗಾಜಿನ ಬಾಟಲಿಗಳಿಗೆ ಬಗ್ಗಿಸಿ ದೇವರ ಪಕ್ಕದಲ್ಲಿ ಸಾಲಾಗಿ ಇಟ್ಟೆ. ಈ ಬಾಡಿಗೆ ಮನೆಯಲ್ಲಿ ದೇವರಿಗೆ ಪೂರ್ವ ದಿಕ್ಕು ಸಿಕ್ಕಿರುವುದು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಮಾತ್ರ. ಬೆಳಗಿನ ಬಿಸಿಲು ಅಲ್ಲಿಗೇ ಬೀಳುತ್ತದೆ, ಕಟ್ಟೆಯ ಕೆಳಗೆ ಮನೆ ಬೆಚ್ಚಗಿಡುವ ಹೈಟ್ಸುಂಗ್ ಚಳಿಗಾಲವಿಡೀ ಕಾಯುತ್ತಿರುತ್ತದೆ. ಬಿಸಿಲಿಗೆ ಆ ಬಾಟಲಿಗಳು ಹಸಿರು ದೀಪದ ಹಾಗೆ ಹೊಳೆಯುತ್ತಿದ್ದವು. ನೋಡಿದರೇ ಆರೋಗ್ಯ ಬರಬೇಕು ಅನ್ನಿಸುತ್ತಿತ್ತು.

ನಾನು ಅದನ್ನು ಮುಟ್ಟಲಿಲ್ಲ. ಒಂದು ಹನಿಯನ್ನೂ ನಾಲಿಗೆಗೆ ತಾಗಿಸಲಿಲ್ಲ. ಅಡುಗೆಗೆ ಅಂಗಡಿಯ ಎಣ್ಣೆ, ನನಗೂ ಅಂಗಡಿಯ ಎಣ್ಣೆ. ಇದು ಪೂರ್ತಿ ಇವರಿಗೆ. ನಾನು ಬೆಳೆದ ಮನೆಯಲ್ಲಿ ಹೆಂಗಸರು ಒಳ್ಳೆಯದನ್ನು ಹೀಗೆಯೇ ಎತ್ತಿಡುತ್ತಿದ್ದರು, ನಾನು ಅದನ್ನು ನೋಡಿ ಮೂಗು ಮುರಿಯುತ್ತಿದ್ದೆ. ಈಗ ನನ್ನ ಪಾಲಿನ ಒಂದು ಚಮಚ ಉಳಿದರೆ ಇವರ ಪಾಲಿಗೆ ಒಂದು ದಿನ ಸೇರುತ್ತದೆ ಎಂದು ಲೆಕ್ಕ ಹಾಕುವವಳಾಗಿದ್ದೆ.

ಹ್ಯಾಂಬರ್ಗಿನಲ್ಲಿರುವ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅವಳು ಜರ್ಮನಿನಲ್ಲೇ ನಿಟ್ಟುಸಿರು ಬಿಟ್ಟಳು. “ಮಾಮಾ, ದಾಸ್ ಇಸ್ಟ್ ನೂರ್ ಓಲ್.” ಅಮ್ಮಾ, ಅದು ಬರೀ ಎಣ್ಣೆ, ಅಷ್ಟೇ.

“ಬರೀ ಎಣ್ಣೆ ಅಲ್ಲಮ್ಮ. ಡೈಲಿ ಕೆಮ್ಮು ಬರತ್ತೆ. ಅದು ವರ್ಕ್ ಆಗ್ತಿದೆ ಅಂತ ಅರ್ಥ.”

“ಡಾಕ್ಟರ್ ಏನಂತಾರೆ?”

“ಡಾಕ್ಟರ್ ನೋಡೋಕೆ ಟೆರ್ಮೀನ್ ಕೊಟ್ಟಿರೋದೇ ಏಪ್ರಿಲ್‌ಗೆ. ಅಷ್ಟರಲ್ಲಿ ನಾನೇ ಸರಿ ಮಾಡಿಬಿಡ್ತೀನಿ ನಿಮ್ಮಪ್ಪನ್ನ.”

ಈ ಮಾತು ನಡೆದದ್ದು ಎರಡನೆಯ ಚಳಿಗಾಲದಲ್ಲಿ. ಅಷ್ಟರಲ್ಲಿ ಪಿಯಾನೊದವಳು ಹೊಸ ಬೆಳೆಯ ಡಬ್ಬವನ್ನೂ ತಂದುಕೊಟ್ಟಿದ್ದಳು. ಅದನ್ನು ನಾನು ನೆಲಮಾಳಿಗೆಯ ಕೆಲ್ಲರ್‌ಗೆ ಒಯ್ದು, ಊರಿಂದ ತಂದ ಹುಣಸೆಹಣ್ಣಿನ ಭರಣಿಯ ಹಿಂದೆ ಇಟ್ಟು ಬಂದೆ. ಹಳೆಯದು ಮುಗಿಯದೆ ಹೊಸದನ್ನು ತೆಗೆಯುವುದು ನನ್ನ ಮನೆಯಲ್ಲಿ ಇಲ್ಲ. ಅಲ್ಲದೆ ಹಳೆಯದೇ ಮೇಲು ಎಂಬುದು ನನ್ನ ರಕ್ತದಲ್ಲಿದೆ. ಹುಣಸೆಹಣ್ಣು ಕಪ್ಪಾದಷ್ಟೂ ಬಾಣಂತಿಗೆ ಒಳ್ಳೆಯದು. ಅಕ್ಕಿ ಹಳೆಯದಾದರೆ ಅನ್ನ ಉದುರಾಗುತ್ತದೆ. ಉಪ್ಪಿನಕಾಯಿ ವರ್ಷ ಕಳೆದ ಮೇಲೆಯೇ ಬಾಯಿಗಿಡಬೇಕು. ಹಳೆ ತುಪ್ಪವನ್ನಂತೂ ನಮ್ಮಜ್ಜಿ ಗಾಯಕ್ಕೆ ಹಚ್ಚಲು ಬೀಗ ಹಾಕಿ ಇಡುತ್ತಿದ್ದರು. ಅಷ್ಟು ಒಳ್ಳೆಯ ಎಣ್ಣೆಯೂ ಇಟ್ಟಷ್ಟೂ ಪಕ್ವವಾಗುತ್ತದೆ ಎಂದೇ ನಂಬಿದ್ದೆ. ಯೋಚಿಸಬೇಕಾದ ವಿಷಯ ಎಂದೇ ಅನ್ನಿಸಿರಲಿಲ್ಲ. ಇಷ್ಟೆಲ್ಲ ಓದಿದವಳ ಕಣ್ಣಿಗೆ ಬೆಳಕು ಮತ್ತು ಬಿಸಿಯ ಬಗ್ಗೆ ಬರೆದ ಸಾಲುಗಳು ಬಿದ್ದೇ ಇರಬೇಕು. ಕಂಡರೂ ಒಳಗಿಳಿಯಲಿಲ್ಲ.

ಆ ಚಳಿಗಾಲದಲ್ಲಿ ಇವರ ಕೆಮ್ಮು ಜೋರಾಯಿತು. ನನಗೆ ಖುಷಿಯಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಆದದ್ದು ಅದೇ: ನನಗೆ ಖುಷಿಯಾಯಿತು. ಎಣ್ಣೆ ಹಣ್ಣಾಗಿ ಖಾರ ಏರುತ್ತಿದೆ ಅಂದುಕೊಂಡೆ. ಇವರ ತೂಕ ಸ್ವಲ್ಪ ಹೆಚ್ಚಿತು. ಮೈಗೆ ಹತ್ತುತ್ತಿದೆ ಅಂದುಕೊಂಡೆ. ಒಂದು ದಿಂಬು ಸಾಲದೆ ಎರಡು ಕೇಳಿದರು, ಆಮೇಲೆ ಸೋಫಾದ ಮೆತ್ತೆಯನ್ನೂ ಸೇರಿಸಿಕೊಂಡರು. ಕತ್ತು ನೋವಿರಬೇಕು ಅಂದುಕೊಂಡೆ. ಮಾರ್ಕೆಟ್ಟಿನವರೆಗೂ ನಡೆಯುತ್ತಿದ್ದವರು ಬೇಕರಿಯ ಮೂಲೆಯಲ್ಲೇ ನಿಂತು ಕಿಟಕಿಯ ಕೇಕುಗಳನ್ನು ನೋಡುತ್ತಿದ್ದರು. ಆಸೆಪಡುತ್ತಿದ್ದಾರೆ ಎಂದು ನಾನು ಗದರಿಕೊಂಡೆ. ಪಾಪ, ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದರು.

ಪ್ರತಿ ಬೆಳಿಗ್ಗೆ ಉದ್ಧರಣೆ ಬಾಯಿಗಿಟ್ಟ ತಕ್ಷಣ ನನ್ನ ಮೈಯೆಲ್ಲ ಕಿವಿಯಾಗುತ್ತಿತ್ತು. ಇವರು ಕೆಮ್ಮುತ್ತಿದ್ದರು. ನಾನು ದೇವರ ಕಡೆ ತಿರುಗಿ ಕೈ ಮುಗಿಯುತ್ತಿದ್ದೆ.

ಮಾರ್ಚಿನ ಒಂದು ಶನಿವಾರ, ಹನ್ನೊಂದು ಗಂಟೆಯ ಹೊತ್ತಿಗೆ, ಪಿಯಾನೊದವಳು ಒಂದು ಬಟ್ಟಲು ಹಿಡಿದುಕೊಂಡು ಬಂದಳು. ಮನೆಗೆ ನೆಂಟರು ಬಂದಿದ್ದಾರೆ, ಎಣ್ಣೆ ಮುಗಿದಿದೆ, ತಾನು ಕೊಟ್ಟದ್ದರಲ್ಲೇ ಸ್ವಲ್ಪ ಸಾಲ ಕೊಡುತ್ತೀಯಾ ಎಂದು ನಗುತ್ತಾ ಕೇಳಿದಳು. ನಾನು ಹೆಮ್ಮೆಯಿಂದ ಅವಳನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದೆ. ದೇವರನ್ನೂ ಪಕ್ಕದಲ್ಲಿ ಉಳಿದಿದ್ದ ಬಾಟಲಿಯನ್ನೂ ನೋಡಿ ಅವಳು ನನ್ನ ಕಡೆ ತಿರುಗಿದಳು.

“ಇದು ಯಾವ ವರ್ಷದ್ದು?”

“ಮೊದಲು ಕೊಟ್ಟೆಯಲ್ಲ, ಅದೇ. ಹೊಸದನ್ನು ಕೆಳಗೆ ಇಟ್ಟಿದ್ದೇನೆ, ಹಣ್ಣಾಗಲಿ ಎಂದು.”

ಅವಳು ಉದ್ಧರಣೆಯಲ್ಲಿ ಒಂದಿಷ್ಟು ಬಗ್ಗಿಸಿಕೊಂಡು ಬಾಯಿಗೆ ಹಾಕಿಕೊಂಡಳು. ನಾನು ಅವಳ ಕೆಮ್ಮಿಗಾಗಿ ಕಾದೆ. ಅವಳು ಕೆಮ್ಮಲಿಲ್ಲ. ನುಂಗಿ, ಬಟ್ಟಲನ್ನು ಮೇಜಿನ ಮೇಲಿಟ್ಟಳು.

“ಇದು ವೈನ್ ಅಲ್ಲ,” ಎಂದಳು ಮೆಲ್ಲಗೆ. “ಹಣ್ಣಿನ ರಸ ಇದ್ದ ಹಾಗೆ. ಇಟ್ಟಷ್ಟೂ ಹೋಗುತ್ತದೆ. ಬಿಸಿಲಿಗೆ ಇನ್ನೂ ಬೇಗ. ಇದರಲ್ಲಿ ಈಗ ಏನೂ ಉಳಿದಿಲ್ಲ. ಇದರಿಂದ ನಿನ್ನ ದೇವರಿಗೆ ದೀಪ ಹಚ್ಚು.”

ನನಗೆ ಮೈ ಉರಿಯಿತು. ನನ್ನ ವ್ರತವನ್ನು ಹಗುರಮಾಡಿದಳು ಎಂದು. “ಏನೂ ಇಲ್ಲದೆ ಏನು? ಇವರು ಇವತ್ತು ಬೆಳಿಗ್ಗೆ ಕೂಡ ಕೆಮ್ಮಿದರು,” ಎಂದೆ.

“ಈ ಎಣ್ಣೆಗೆ?”

ಆಗಲೇ ಒಳಗಿನ ಕೋಣೆಯಿಂದ ಇವರ ಕೆಮ್ಮು ಕೇಳಿಸಿತು. ಉದ್ದದ, ಒದ್ದೆಯಾದ ಕೆಮ್ಮು. ಎಣ್ಣೆ ಕುಡಿದು ಆಗಲೇ ಗಂಟೆಗಳಾಗಿದ್ದವು.

ನಾನು ಅವಳ ಕೈಯಿಂದ ಉದ್ಧರಣೆ ಕಿತ್ತುಕೊಂಡು ತುಂಬಿಸಿ ಬಾಯಿಗೆ ಸುರಿದುಕೊಂಡೆ. ಆ ಎಣ್ಣೆಯನ್ನು ನಾನು ರುಚಿ ನೋಡಿದ್ದು ಅದೇ ಮೊದಲು. ನುಣ್ಣಗಿತ್ತು. ನಾಲಿಗೆಯ ಮೇಲೆ ಜಾರಿ ಗಂಟಲಿಗೆ ಇಳಿಯಿತು. ಕಹಿಯಿಲ್ಲ, ಖಾರವಿಲ್ಲ. ನಾನು ಕಾದೆ. ಇನ್ನೊಂದು ಚಮಚ ಕುಡಿದೆ, ಮತ್ತೆ ಕಾದೆ. ಗಂಟಲಿನಲ್ಲಿ ಏನೂ ಆಗಲಿಲ್ಲ. ಹಾಗಾದರೆ ಇವರು ಇಷ್ಟು ತಿಂಗಳಿಂದ ಕೆಮ್ಮುತ್ತಿರುವುದು ಯಾವುದಕ್ಕೆ?

ಉದ್ಧರಣೆಯನ್ನು ಅಲ್ಲೇ ಇಟ್ಟೆ. ಕೋಣೆಗೆ ಹೋದೆ. ಇವರು ಮೂರು ದಿಂಬಿಗೆ ಒರಗಿ, ಬಾಯಿ ಸ್ವಲ್ಪ ತೆರೆದುಕೊಂಡು ಕೂತಿದ್ದರು. ಕಾಲಿನ ಹತ್ತಿರ ಕೂತು ಕಾಲುಚೀಲ ಎಳೆದೆ. ಅದರ ಅಂಚು ಕೂತ ಕಡೆ ಹಳ್ಳ ಬಿದ್ದಿತ್ತು. ಹೆಬ್ಬೆರಳು ಒತ್ತಿದೆ, ತೆಗೆದೆ. ಒತ್ತಿದ ಗುಳಿ ಮೇಲೇಳಲಿಲ್ಲ. ನಾದಿಟ್ಟ ಹಿಟ್ಟಿನಲ್ಲಿ ಬೆರಳಿನ ಗುರುತು ನಿಲ್ಲುವ ಹಾಗೆ ನಿಂತಿತ್ತು. ರೆಹಾದಲ್ಲಿ ಇದನ್ನೆಲ್ಲ ಹೇಳಿಕೊಟ್ಟಿದ್ದರು. ಕಾಲು ಊದಿದರೆ, ತೂಕ ಏರಿದರೆ, ಮಲಗಿದಾಗ ಕೆಮ್ಮು ಬಂದರೆ ಹೃದಯ ಸೋಲುತ್ತಿದೆ, ಶ್ವಾಸಕೋಶಕ್ಕೆ ನೀರು ಇಳಿಯುತ್ತಿದೆ, ತಕ್ಷಣ ಬನ್ನಿ ಎಂದಿದ್ದರು. ಆ ಹುಡುಗಿ ಹೇಳಿದ ಎಣ್ಣೆ ಮಾತ್ರ ನನ್ನ ತಲೆಯಲ್ಲಿ ಉಳಿದಿತ್ತು.

“ಏನೇ ಅದು?” ಎಂದರು.

“ಏನಿಲ್ಲ. ಆಸ್ಪತ್ರೆಗೆ ಹೋಗೋಣ.”

“ಏಪ್ರಿಲ್‌ನಲ್ಲಿ ಟೆರ್ಮೀನ್ ಇದೆಯಲ್ಲ?”

ನಾನು ಇವರ ಕೋಟು ತರಲು ಎದ್ದೆ. ಆಂಬುಲೆನ್ಸಿಗೆ ಫೋನು ಮಾಡಿದ್ದು ಪಿಯಾನೊದವಳು. ನನಗೆ ನಮ್ಮ ಬೀದಿಯ ಹೆಸರೇ ಬಾಯಿಗೆ ಬರಲಿಲ್ಲ.

ಆಸ್ಪತ್ರೆಯಲ್ಲಿ ನೀರು ಇಳಿಸುವ ಔಷಧವನ್ನು ನರಕ್ಕೆ ಹನಿಸಿದರು. ಮೂಗಿಗೆ ಆಮ್ಲಜನಕ. ಹೃದಯ ಮೊದಲಿಗಿಂತ ದಣಿದಿದೆ ಎಂದಳು ವೈದ್ಯೆ, ಎಷ್ಟು ಎಂದು ಕೇಳಿದ್ದಕ್ಕೆ ಪರದೆಯ ಮೇಲೆ ಮೆಲ್ಲಗೆ ಮಿಡುಕುವ ಬೂದು ಚಿತ್ರವನ್ನು ತೋರಿಸಿದಳು. ಆ ಚಿತ್ರದ ಒಂದು ಬದಿ ಅಲುಗುತ್ತಲೇ ಇರಲಿಲ್ಲ. ನಾನು ಅವಳನ್ನು ಬೇಡಿಕೊಂಡೆ. ಜರ್ಮನಿನಲ್ಲಿ ಬೇಡಿಕೊಳ್ಳಲು ನನಗೆ ಒಳ್ಳೆಯ ಪದಗಳು ಗೊತ್ತಿಲ್ಲ. ಇಷ್ಟು ವರ್ಷ ಇಲ್ಲಿ ಪುಸ್ತಕ ಕೊಟ್ಟು ತೆಗೆದುಕೊಂಡವಳಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ‘ಬಿಟ್ಟೆ, ಬಿಟ್ಟೆ’ ಎಂದೆ ಅಷ್ಟೇ. ದಯವಿಟ್ಟು, ದಯವಿಟ್ಟು. ಅಂಗಡಿಯಲ್ಲಿ ಬ್ರೆಡ್ ಕೇಳುವಾಗಲೂ ಅದೇ ಪದ.

ಮರುದಿನ ಮಧ್ಯಾಹ್ನ ಇವರಿಗೆ ಮಾತಾಡುವಷ್ಟು ಉಸಿರು ಬಂತು. ನಾನು ಎಣ್ಣೆಯ ಕಥೆಯನ್ನೆಲ್ಲ ಹೇಳಿದೆ. ಅದು ಯಾವಾಗಲೋ ಸತ್ತಿತ್ತಂತೆ, ಅದರಲ್ಲಿ ಖಾರವೇ ಇಲ್ಲವಂತೆ ಎಂದೆ.

“ಗೊತ್ತು,” ಎಂದರು.

“ಏನು ಗೊತ್ತು?”

“ಹೋದ ಸಮ್ಮರ್‌ನಲ್ಲೇ ಖಾರ ಹೋಗಿತ್ತು ಕಣೇ. ಬರೀ ಸಪ್ಪೆ.”

“ಮತ್ತೆ ಕೆಮ್ತಿದ್ರಲ್ಲ?”

ಇವರು ಕಿಟಕಿಯ ಕಡೆ ನೋಡಿದರು. ಅಲ್ಲಿ ಕಾರುಗಳು ನಿಲ್ಲುವ ಜಾಗ ಬಿಟ್ಟರೆ ಏನೂ ಇರಲಿಲ್ಲ.

“ಕೆಮ್ಮಿದ್ರೆ ನೀನು ಅಷ್ಟು ಖುಷಿ ಪಡ್ತಿದ್ದೆ. ದೇವರಿಗೆ ಕೈ ಬೇರೆ ಮುಗೀತಿದ್ದೆ. ಅದಕ್ಕೇ ಸುಮ್ನೆ ಕೆಮ್ಮಿಬಿಡ್ತಿದ್ದೆ. ಆಮೇಲಾಮೇಲೆ ಅದೇ ಬರೋಕೆ ಶುರುವಾಯ್ತು. ಯಾವತ್ತಿಂದ ಅಂತ ನನಗೂ ಗೊತ್ತಾಗ್ಲಿಲ್ಲ.”

ನನಗೆ ಇವರನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಸೈಕಲ್ಲಿಗೆ ಬೀಗ ಹಾಕಿದ ಹಾಗೆ ತಮ್ಮ ಎದೆಗೂ ಬೀಗ ಹಾಕಿ ನನ್ನ ಮುಂದೆ ಕೆಮ್ಮುತ್ತಾ ನಿಂತಿದ್ದರಲ್ಲ. ಬೈಯಲು ಬಾಯಿ ತೆರೆದೆ. ಮೂಗಿನ ಕೆಳಗಿನ ಆ ಕೊಳವೆ ಕಣ್ಣಿಗೆ ಬಿತ್ತು. ಹಾಸಿಗೆಯ ಅಂಚಿನ ಮೇಲೆ ತಲೆಯಿಟ್ಟು ಅತ್ತೆ. ಇವರು ನನ್ನ ಕೂದಲಿನ ಮೇಲೆ ಕೈಯಿಟ್ಟರು. ಸೂಜಿ ಚುಚ್ಚಿದ ಕೈ ಅದು, ಭಾರವಾಗಿತ್ತು.

ಮನೆಗೆ ಕಳಿಸಿದ್ದಾರೆ. ಗುಣವಾಯಿತು ಎಂದು ಕಳಿಸಿದ್ದಲ್ಲ, ಸದ್ಯಕ್ಕೆ ಹೋಗಿ ಎಂದು. ಮಾತ್ರೆಗಳು ಹೆಚ್ಚಾಗಿವೆ. ಬೆಳಗಾದರೆ ತೂಕದ ಯಂತ್ರದ ಮೇಲೆ ಇವರು ನಿಲ್ಲುತ್ತಾರೆ, ನಾನು ಬಗ್ಗಿ ನೋಡುತ್ತೇನೆ, ಅಂಕಿ ಕಾಣುವವರೆಗೆ ಜೀವ ಬಾಯಿಗೆ ಬಂದಿರುತ್ತದೆ. ಮಗಳು ಈಗ ಎಣ್ಣೆಯ ಬಗ್ಗೆ ಏನೂ ಅನ್ನುವುದಿಲ್ಲ. ಫೋನು ಮಾಡಿ ಮೊದಲು ಅಪ್ಪನ ಉಸಿರು ಕೇಳಿಸಿಕೊಳ್ಳುತ್ತಾಳೆ.

ಕಿಟಕಿಯ ಮೇಲಿನ ಎಣ್ಣೆ ದೇವರ ದೀಪಕ್ಕೆ ಹೋಗುತ್ತಿದೆ. ಕೆಲ್ಲರ್‌ನಿಂದ ಹೊಸ ಡಬ್ಬ ತಂದು ಕತ್ತಲಿನ ಕಪಾಟಿನಲ್ಲಿ ಇಟ್ಟಿದ್ದೇನೆ. ವೈದ್ಯೆ ಬೇಡವೆಂದಿಲ್ಲ; ಊಟಕ್ಕೆ ಒಳ್ಳೆಯದು, ಅದರಿಂದ ಹೆಚ್ಚೇನೂ ಬಯಸಬೇಡಿ ಎಂದಿದ್ದಾಳೆ. ಆದರೆ ನಾನು ಬಯಸುತ್ತೇನೆ. ಬಯಸದೆ ಬೆಳಿಗ್ಗೆ ಏಳುವುದು ಹೇಗೆಂದು ನನಗೆ ಗೊತ್ತಿಲ್ಲ. ಈಗ ಮೊದಲ ಉದ್ಧರಣೆ ನನ್ನದು. ಗಂಟಲು ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆಮ್ಮುತ್ತೇನೆ. ಎಣ್ಣೆ ಜೀವಂತವಾಗಿದೆ ಎಂದು ಖಾತ್ರಿಯಾದ ಮೇಲೆ ಇವರಿಗೆ ಕೊಡುತ್ತೇನೆ. ಇವರೂ ಕೆಮ್ಮುತ್ತಾರೆ. ನಾನು ಮುಖವನ್ನೇ ನೋಡುತ್ತಾ ನಿಲ್ಲುತ್ತೇನೆ. “ಎಣ್ಣೆ ಕಣೇ, ಎಣ್ಣೆ,” ಅನ್ನುತ್ತಾರೆ. ನಂಬುತ್ತೇನೆ.

ಇವತ್ತು ಪೂಜೆ ಮುಗಿಸಿ, ಬಿರಡೆ ತೆಗೆದು, ಉದ್ಧರಣೆಯನ್ನು ಕೈಗೆ ತೆಗೆದುಕೊಂಡೆ. ಇನ್ನೂ ಬಗ್ಗಿಸಿರಲಿಲ್ಲ. ಹಿಂದೆ ನಿಂತಿದ್ದ ಇವರು ಕೆಮ್ಮಿದರು. ಮತ್ತೆ ಕೆಮ್ಮಿದರು. “ಎಣ್ಣೆ ಕಣೇ,” ಎಂದರು ಅಭ್ಯಾಸದಿಂದ. ಇಬ್ಬರೂ ನನ್ನ ಕೈಯ ಕಡೆ ನೋಡಿದೆವು. ಉದ್ಧರಣೆ ಒಣಗಿತ್ತು. ಅದನ್ನು ದೇವರ ಮುಂದೆ ಇಟ್ಟು, ಆಸ್ಪತ್ರೆಗೆ ಮಾಡಲು ನಾನು ಫೋನು ತೆಗೆದುಕೊಂಡೆ.